ರಾಕ್ ಸಂಗೀತದಲ್ಲಿ ಹಳೆಯ ಯಂತ್ರ, ಹೊಸ ಯಂತ್ರ

ವಿದ್ಯುದುಪಕರಣಗಳ ವಿಷಯದಲ್ಲಿ ಹಳೆಯದಕ್ಕೆ ಬೆಲೆಯಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಹದಿನೈದು ವರ್ಷ ಹಿಂದಿನ ಕಂಪ್ಯೂಟರನ್ನು ಗುಜರಿಯವನು ತೂಕ ಹಾಕಿ ಕೊಳ್ಳುತ್ತಾನೆ. ಆದರೆ ಇದೇ ಲೋಕದ ಒಂದು ಮೂಲೆಯಲ್ಲಿ ಈ ನಿಯಮ ನಡೆಯದು. ೧೯೫೦ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಅವರ ಕಾರ್ಖಾನೆಯಿಂದ ಹೊರಬಂದ ‘ಬಾಸ್‌ಮನ್’ ಎಂಬ ವರ್ಧಕ ಸುಸ್ಥಿತಿಯಲ್ಲಿ ಸಿಕ್ಕರೆ ಅದಕ್ಕೆ ಇಂದು ಹಲವು ಲಕ್ಷ ರೂಪಾಯಿ ತೆತ್ತು ಕೊಳ್ಳುವವರಿದ್ದಾರೆ. ಅದರೊಳಗೆ ಇರುವುದು ಕೆಲವು ಗಾಜಿನ ವಾಲ್ವುಗಳು, ಟ್ರಾನ್ಸ್‌ಫಾರ್ಮರುಗಳು, ನಾಲ್ಕು ಸ್ಪೀಕರುಗಳು. ನಮ್ಮ ಅಜ್ಜಂದಿರ ಮನೆಯ ರೇಡಿಯೋದಲ್ಲಿದ್ದ ಸಾಮಗ್ರಿಗಿಂತ ಬೇರೆ ಜಾತಿಯದೇನೂ ಅಲ್ಲ.

ರಾಕ್ ಸಂಗೀತ ನುಡಿಸುವ ವಿದ್ಯಾರ್ಥಿಗಳ ತಂಡಗಳು ಈಗ ನಮ್ಮ ಕಾಲೇಜುಗಳಲ್ಲೂ ಅಪರೂಪವಲ್ಲ. ಅವರಲ್ಲಿ ಕೆಲವರು ಭೌತವಿಜ್ಞಾನದ ಉಪನ್ಯಾಸಕನಾದ ನನ್ನನ್ನು ಆಗಾಗ ಕೇಳುವುದುಂಟು: “ಸರ್, ವಾಲ್ವಿನ ಧ್ವನಿ ನಿಜವಾಗಿಯೂ ಬೇರೆಯೆ? ಸಾಲ ಮಾಡಿಯಾದರೂ ಹಳೆಯದನ್ನೇ ಕೊಳ್ಳಬೇಕೆ?” ಪ್ರಶ್ನೆ ಹಣದ್ದು ಮಾತ್ರವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಕಿವಿಯ ಆರೋಗ್ಯ, ಒಮ್ಮೊಮ್ಮೆ ಪ್ರಾಣವೇ, ಇದರೊಡನೆ ತೊಡಕಿಕೊಂಡಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಿಟಾರಿನ ವರ್ಧಕದಲ್ಲಿ ಹಳೆಯದರ ಪರವಾಗಿ ಹೇಳತಕ್ಕದ್ದು ಸಾಕಷ್ಟಿದೆ. ಸಭೆಗೆ ಧ್ವನಿ ಮುಟ್ಟಿಸುವ ಯಂತ್ರಗಳಲ್ಲಿಯೂ ಧ್ವನಿಮುದ್ರಣದಲ್ಲಿಯೂ ಬಹುಮಟ್ಟಿಗೆ ಏನೂ ಇಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ನೋಡದೆ ‘ವಿಂಟೇಜ್’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿರುವುದೇ ಗೊಂದಲಕ್ಕೆಲ್ಲ ಮೂಲ.

ವೀಣೆಯ ಕೊಡವು ತಂತಿಯ ಕಂಪನವನ್ನು ಇದ್ದಂತೆಯೇ ಒಪ್ಪಿಸಬೇಕೆಂದು ಯಾರೂ ಬಯಸುವುದಿಲ್ಲ. ಕೆಲವು ಕಂಪನಗಳನ್ನು ಹಿಗ್ಗಿಸಿ, ಕೆಲವನ್ನು ಕುಗ್ಗಿಸಿ, ನಾದಕ್ಕೆ ತನ್ನದೇ ಬಣ್ಣ ಕೊಡುವುದು ಅದರ ಕೆಲಸ. ವಿದ್ಯುತ್ ಗಿಟಾರಿಗೆ ಅಂಥ ಕೊಡವಿಲ್ಲ. ಅದು ಗಟ್ಟಿ ಮರದ ಹಲಗೆ. ಕೊಡದ ಕೆಲಸವನ್ನು ಅಲ್ಲಿ ವಹಿಸಿಕೊಂಡಿರುವುದು ವರ್ಧಕ ಮತ್ತು ಅದರ ಸ್ಪೀಕರು. ಎಂದಮೇಲೆ ಗಿಟಾರಿನ ವರ್ಧಕವು ವಾದ್ಯದ ಒಂದು ಅಂಗವೇ ಹೊರತು ಬರಿಯ ಯಂತ್ರವಲ್ಲ. ಅದರ ಗುಣವನ್ನು ‘ನಿಷ್ಠೆ’ಯಿಂದ ಅಳೆಯುವುದು ಸಲ್ಲದು.

ಈ ಅಂಗವು ನಾದವನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ನಿರ್ವಾತವನ್ನು ಹಾದು ಆನೋಡನ್ನು ಸೇರುತ್ತವೆ. ನಡುವೆ ಗ್ರಿಡ್ ಎಂಬ ಜಾಲರಿಯಿರುವುದಷ್ಟೆ. ಅದರ ಮೇಲಿನ ಅಲ್ಪ ವೋಲ್ಟೇಜೇ ಈ ಪ್ರವಾಹವನ್ನು ಏರಿಳಿಸುತ್ತದೆ. ೧೯೦೬ರಲ್ಲಿ ಲೀ ಡಿ ಫಾರೆಸ್ಟ್ ಈ ಜಾಲರಿಯನ್ನು ಸೇರಿಸಿದ ಮೇಲೆಯೇ ವರ್ಧನೆ ಸಾಧ್ಯವಾದದ್ದು. ಸಂಜ್ಞೆ ಚಿಕ್ಕದಾಗಿರುವಾಗ ಹೊರಬರುವ ಅಲೆ ಒಳಹೋದ ಅಲೆಯ ದೊಡ್ಡ ಪ್ರತಿ. ಸಂಜ್ಞೆ ಬೆಳೆದಂತೆಲ್ಲ ವಾಲ್ವಿಗೆ ಅದನ್ನು ಅನುಸರಿಸಲು ಆಗದೆ ಅಲೆಯ ಶಿಖರಗಳು ಮೊಂಡಾಗುತ್ತವೆ. ಅಲೆಯ ಆಕಾರ ಹೀಗೆ ಮಾರ್ಪಟ್ಟಿತೆಂದರೆ ಮೂಲ ಕಂಪನಾಂಕದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕವುಳ್ಳ ಉಪಸ್ವರಗಳು ಅದರಲ್ಲಿ ಹೊಸದಾಗಿ ಹುಟ್ಟಿವೆ ಎಂದೇ ಅರ್ಥ. ಎರಡರಷ್ಟೆಂದರೆ ಮೇಲಿನ ಷಡ್ಜ. ಮೂರರಷ್ಟೆಂದರೆ ಅದರ ಮೇಲಿನ ಪಂಚಮ. ಐದರಷ್ಟೆಂದರೆ ಇನ್ನೂ ಮೇಲಿನ ಅಂತರ ಗಾಂಧಾರ. ಏಳನೆಯದು ಯಾವ ಸ್ವರಸ್ಥಾನದಲ್ಲೂ ಸರಿಯಾಗಿ ಕೂರದು. ಅದೂ ಅದಕ್ಕಿಂತ ಮೇಲಿನ ಕೆಲವೂ ಜೋರಾದಾಗ ನಾದ ಕರ್ಕಶವೆನಿಸುತ್ತದೆ.

ಬೇಕೆಂದೇ ಉಪಸ್ವರಗಳನ್ನು ಬೆಳೆಸಿಕೊಳ್ಳುವ ಈ ಕಲೆ ನಮಗೆ ಅಪರಿಚಿತವೇನಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ದಾರವನ್ನು ಕೊಟ್ಟು, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ‘ಜೀವಾಳ’ ಹಿಡಿಸುವುದನ್ನು ನೀವು ನೋಡಿರಬಹುದು. ತಂತಿಯು ಕುದುರೆಯ ಬಾಗಿದ ಮೈಯನ್ನು ಮತ್ತೆ ಮತ್ತೆ ತಾಕಿ ಬಿಡುವುದರಿಂದ ಅಲ್ಲಿ ಉಪಸ್ವರಗಳ ಮಳೆಯೇ ಸುರಿಯುತ್ತದೆ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಗಳಿಗೆ ನಿಶ್ಚಲಸ್ಥಾನವುಂಟೋ ಅವು ಕೇಳಿಸಬಾರದೆಂಬುದು ಹಳೆಯ ನಿಯಮ. ತಂಬೂರಿ, ವೀಣೆಗಳಲ್ಲಿ ಅವೂ ಚೆನ್ನಾಗಿ ಕೇಳಿಸುತ್ತವೆಂಬುದನ್ನು ೧೯೨೧ರಲ್ಲಿಯೇ ಸಿ. ವಿ. ರಾಮನ್ನರು ತಮ್ಮ ಲೇಖನವೊಂದರಲ್ಲಿ ಎತ್ತಿ ತೋರಿಸಿದರು. ಜೀವಾಳವಿಲ್ಲದ ತಂಬೂರಿ ಹೆಚ್ಚು ‘ಶುದ್ಧ’ವೆಂದು ವಾದಿಸುವವರನ್ನು ನಾನಂತೂ ಕಂಡಿಲ್ಲ.

ವಾಲ್ವು ‘ಸಮ’ ಉಪಸ್ವರಗಳನ್ನು ಹುಟ್ಟಿಸುತ್ತದೆ, ಟ್ರಾನ್ಸಿಸ್ಟರು ‘ಬೆಸ’ ಉಪಸ್ವರಗಳನ್ನು ಹುಟ್ಟಿಸುತ್ತದೆ, ಆದುದರಿಂದಲೇ ಮೊದಲನೆಯದು ಇಂಪು ಎಂಬ ಮಾತು ಗಿಟಾರ್ ಅಂಗಡಿಗಳಲ್ಲಿ ಮಂತ್ರದಂತೆ ಪ್ರಚಾರದಲ್ಲಿದೆ. ೧೯೭೩ರಲ್ಲಿ ರಸೆಲ್ ಹ್ಯಾಮ್ ಎಂಬವರು ಮೈಕಿನ ಪೂರ್ವವರ್ಧಕಗಳನ್ನು ಅಳೆದು ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಆಧಾರವಿದೆ: ಮಿತಿಮೀರಿದ ಸಂಜ್ಞೆ ಕೊಟ್ಟಾಗ ವಾಲ್ವಿನಲ್ಲಿ ಎರಡನೆಯ ಉಪಸ್ವರವೂ ಟ್ರಾನ್ಸಿಸ್ಟರಿನಲ್ಲಿ ಮೂರನೆಯದೂ ಮುಂದಾಗಿದ್ದವು. ಆದರೆ ‘ಮಿತಿಮೀರಿದಾಗ’ ಎಂಬ ಷರತ್ತನ್ನು ಜನ ಮರೆಯುತ್ತಾರೆ. ಮೇಲಾಗಿ, ಬಾಸ್‌ಮನ್ ಆಗಲಿ, ಅದನ್ನೇ ಮಾದರಿಯಾಗಿಟ್ಟುಕೊಂಡು ೧೯೬೨ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ವಾದ್ಯದಂಗಡಿಯಲ್ಲಿ ತಯಾರಾದ ಜೆ.ಟಿ.ಎಂ. ೪೫ ಆಗಲಿ, ಕೊನೆಯ ಹಂತದಲ್ಲಿ ಎರಡು ವಾಲ್ವುಗಳನ್ನು ಎದುರುಬದುರಾಗಿ ದುಡಿಸುತ್ತವೆ. ಆ ಜೋಡಣೆಯಲ್ಲಿ ಸಮ ಉಪಸ್ವರಗಳು ಪರಸ್ಪರ ರದ್ದಾಗಿ ಬೆಸ ಉಪಸ್ವರಗಳೇ ಉಳಿಯುತ್ತವೆ! ಹಾಗಿದ್ದೂ ಅವುಗಳ ನಾದವನ್ನು ಜನ ಮೆಚ್ಚುತ್ತಾರೆ. ಭೇದವಿರುವುದು ಸಮ ಬೆಸಗಳಿಗಿಂತ ಹೆಚ್ಚಾಗಿ ಅಲೆಯ ಶಿಖರ ಎಷ್ಟು ಮೆಲ್ಲನೆ ಮೊಂಡಾಗುತ್ತದೆ ಎಂಬುದರಲ್ಲಿ. ಸಾಮಾನ್ಯ ಟ್ರಾನ್ಸಿಸ್ಟರ್ ವರ್ಧಕವು ಕೊನೆಯ ಕ್ಷಣದವರೆಗೂ ನೆಟ್ಟಗೆ ನಡೆದು, ಮಿತಿ ಬಂದೊಡನೆ ಅಲೆಯನ್ನು ಕತ್ತಿಯಲ್ಲಿ ಕತ್ತರಿಸಿದಂತೆ ಕತ್ತರಿಸುತ್ತದೆ. ಹಳೆಯ ವಾಲ್ವ್ ವರ್ಧಕ ಬಹಳ ಮೊದಲಿನಿಂದಲೇ ಬಾಗತೊಡಗುತ್ತದೆ. ವಾದಕ ಮೆಲ್ಲನೆ ಮೀಟಿದರೆ ನಿರ್ಮಲ ನಾದ, ಬಲವಾಗಿ ಮೀಟಿದರೆ ಒರಟು ನಾದ. ನಡುವಣ ಹಾದಿಯೆಲ್ಲ ಅವನ ಬೆರಳಿನಲ್ಲೇ ಇರುತ್ತದೆ. ಇದರ ಜೊತೆಗೆ ವಾಲ್ವಿನ ರೆಕ್ಟಿಫೈಯರ್ ಇರುವ ಯಂತ್ರದಲ್ಲಿ ಬಲವಾದ ಮೀಟಿಗೆ ಸರಬರಾಜಿನ ವೋಲ್ಟೇಜೇ ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ. ಯಂತ್ರಶಾಸ್ತ್ರದ ದೃಷ್ಟಿಯಲ್ಲಿ ಇದೊಂದು ದೋಷ. ವಾದಕನಿಗೆ ಅದು ಉಸಿರಾಡುವ ವಾದ್ಯ.

ರಾಕ್ ಗಿಟಾರಿನಲ್ಲಿ ಷಡ್ಜ ಪಂಚಮಗಳ ಜೋಡಿಯೇ ಏಕೆ ಇಷ್ಟು ಪ್ರಧಾನವಾಯಿತು ಎಂಬುದಕ್ಕೂ ಈ ವಿಕೃತಿಯಲ್ಲಿಯೇ ಉತ್ತರವಿದೆ. ಎರಡು ಸ್ವರಗಳನ್ನು ಒಟ್ಟಿಗೆ ಇಂಥ ವರ್ಧಕಕ್ಕೆ ಕೊಟ್ಟರೆ ಅವುಗಳ ಕಂಪನಾಂಕಗಳ ಮೊತ್ತವೂ ವ್ಯತ್ಯಾಸವೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಗಿಟಾರಿನ ಅತ್ಯಂತ ಕೆಳಗಿನ ತಂತಿಯ ಕಂಪನಾಂಕ ೮೨.೪, ಅದರ ಪಂಚಮ ೧೨೩.೫. ವ್ಯತ್ಯಾಸ ೪೧.೧, ಎಂದರೆ ಮೂಲ ಸ್ವರಕ್ಕಿಂತ ಹೆಚ್ಚುಕಡಮೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ಮೀಟದ ಮಂದ್ರ ಸ್ವರವೊಂದು ತಾನಾಗಿ ಬಂದು ಬುನಾದಿ ಹಾಕುತ್ತದೆ. ಪಂಚಮದ ಬದಲು ಗಾಂಧಾರವನ್ನು ಸೇರಿಸಿದರೆ ಹೀಗಾಗದು. ಗಿಟಾರಿನ ಗಾಂಧಾರ ೧೦೩.೮, ೫:೪ರ ಲೆಕ್ಕದಲ್ಲಿ ಅದು ೧೦೩.೦ ಇರಬೇಕಿತ್ತು. ಈ ಸಣ್ಣ ತಪ್ಪು ಮೊತ್ತ ವ್ಯತ್ಯಾಸಗಳಲ್ಲೆಲ್ಲ ಹರಡಿ, ಸ್ವರಗಳು ಒಂದರೊಡನೊಂದು ಜಗಳವಾಡಿ ಕೆಸರಾಗುತ್ತದೆ. ಒಂದು ಸಂಗೀತ ಪ್ರಕಾರದ ವ್ಯಾಕರಣವೇ ಒಂದು ಯಂತ್ರದ ದೋಷದಿಂದ ರೂಪುಗೊಂಡ ಉದಾಹರಣೆ ಇದಕ್ಕಿಂತ ಸೊಗಸಾದದ್ದು ನನಗೆ ತಿಳಿದಿಲ್ಲ.

ಹಾಗೆಂದು ವಾಲ್ವಿಗೆ ಮಾತ್ರ ಈ ಕೀರ್ತಿ ಸಲ್ಲುವುದಿಲ್ಲ. ೧೯೬೪ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತಮ್ಮ ಪುಟ್ಟ ವರ್ಧಕದ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ ಬೇಕಾದ ನಾದವನ್ನು ಪಡೆದರು. ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಬಳಸಿದ ‘ಫಜ್’ ಪೆಟ್ಟಿಗೆಯೂ, ಜಿಮಿ ಹೆಂಡ್ರಿಕ್ಸ್ ಅವರ ಕಾಲಡಿಯಲ್ಲಿದ್ದ ‘ಫಜ್ ಫೇಸ್’ ಕೂಡ ಟ್ರಾನ್ಸಿಸ್ಟರಿನವೇ. ಅಂದಿನ ಮಟ್ಟಿಗೆ ಅವು ಹೊಚ್ಚ ಹೊಸ ಯಂತ್ರಗಳು. ಇಂದು ‘ವಿಂಟೇಜ್’ ಎಂದು ಪೂಜಿಸಲ್ಪಡುವ ಆ ವಾದಕರಲ್ಲಿ ಹಳೆಯದರ ಮೋಹ ಇದ್ದಂತೆ ಕಾಣುವುದಿಲ್ಲ.

ಇನ್ನು ಕಿವಿಯ ಮಾತು. ವಾಲ್ವ್ ವರ್ಧಕ ತನ್ನ ಸೊಗಸನ್ನು ತೋರುವುದು ಅದನ್ನು ಪೂರ್ಣಶಕ್ತಿಯ ಸಮೀಪಕ್ಕೆ ಒಯ್ದಾಗ ಮಾತ್ರ. ಗಿಟಾರಿನ ಒಳ್ಳೆಯ ಸ್ಪೀಕರೊಂದು ೧ ವ್ಯಾಟಿಗೆ ೧ ಮೀಟರಿನಲ್ಲಿ ೯೭ ಡೆಸಿಬೆಲ್ ಶಬ್ದ ಕೊಡುತ್ತದೆಂದು ಇಟ್ಟುಕೊಳ್ಳಿ. ಶಕ್ತಿ ಹತ್ತರಷ್ಟಾದಾಗಲೆಲ್ಲ ೧೦ ಡೆಸಿಬೆಲ್ ಕೂಡುತ್ತದೆ. ೧೦೦ ವ್ಯಾಟಿಗೆ ೧೧೭ ಡೆಸಿಬೆಲ್. ದಿನಕ್ಕೆ ೮ ಗಂಟೆಯ ಕಾಲ ೮೫ ಡೆಸಿಬೆಲ್‌ವರೆಗೆ ಕೇಳಬಹುದು, ಅದರ ಮೇಲೆ ೩ ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗಬೇಕು ಎಂಬುದು ಕಾರ್ಮಿಕರ ಆರೋಗ್ಯಶಾಸ್ತ್ರದಲ್ಲಿ ಬಳಕೆಯಲ್ಲಿರುವ ಲೆಕ್ಕ. ಅದರಂತೆ ೧೧೭ ಡೆಸಿಬೆಲ್ಲಿಗೆ ದೊರೆಯುವ ಅವಧಿ ೨೦ ಸೆಕೆಂಡಿಗೂ ಕಡಮೆ. ೧೯೭೬ರ ಮೇ ತಿಂಗಳಿನಲ್ಲಿ ‘ದಿ ಹೂ’ ತಂಡ ಲಂಡನ್ನಿನ ಚಾರ್ಲ್‌ಟನ್ ಕ್ರೀಡಾಂಗಣದಲ್ಲಿ ನುಡಿಸಿದಾಗ ೩೨ ಮೀಟರ್ ದೂರದಲ್ಲಿ ೧೨೬ ಡೆಸಿಬೆಲ್ ಅಳೆಯಲ್ಪಟ್ಟು ಗಿನ್ನೆಸ್ ಪುಸ್ತಕಕ್ಕೆ ಸೇರಿತು. ಕಿವಿ ಕೆಡಿಸುವ ಸ್ಪರ್ಧೆಗೆ ಪ್ರೋತ್ಸಾಹ ಕೊಡಬಾರದೆಂದು ಆ ಪುಸ್ತಕದವರೇ ಮುಂದೆ ಆ ದಾಖಲೆಯನ್ನು ಕೈಬಿಟ್ಟರು. ತಂಡದ ಗಿಟಾರ್ ವಾದಕ ಪೀಟ್ ಟೌನ್‌ಷೆಂಡ್ ತಮ್ಮ ಶ್ರವಣದೋಷವನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಸಂಗೀತ ಸಭೆಗಳಿಗೆ ವಿಧಿಸಿದ ಮೇಲ್ಮಿತಿ ಸರಾಸರಿ ೧೦೦ ಡೆಸಿಬೆಲ್. ಕಾಲೇಜಿನ ಸಭಾಂಗಣದಲ್ಲಿ ೧೦೦ ವ್ಯಾಟಿನ ಹಳೆಯ ವರ್ಧಕವನ್ನು ‘ನಾದಕ್ಕಾಗಿ’ ಪೂರ್ತಿ ತೆರೆಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ೫ ವ್ಯಾಟಿನ ವಾಲ್ವ್ ವರ್ಧಕವೂ ಉಂಟು, ಅದೂ ಹಾಗೆಯೇ ಬಾಗುತ್ತದೆ. ಉಳಿದುದನ್ನು ಮೈಕು ನೋಡಿಕೊಳ್ಳುತ್ತದೆ.

ಮೈಕು ಎಂದೊಡನೆ ನಾವು ವಾದ್ಯದ ಎಲ್ಲೆಯನ್ನು ದಾಟಿ ವಾಹಕದ ಕ್ಷೇತ್ರಕ್ಕೆ ಬಂದೆವು. ಇಲ್ಲಿ ಹಳೆಯದರ ಕಥೆ ಕರುಣಾಜನಕವಾದದ್ದು. ೧೯೬೫ರ ಆಗಸ್ಟ್ ೧೫ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ ೫೫,೦೦೦ಕ್ಕೂ ಹೆಚ್ಚು ಜನರೆದುರು ನುಡಿಸಿತು. ಆ ಪ್ರವಾಸಕ್ಕೆಂದು ವಾಕ್ಸ್ ಕಂಪನಿ ೧೦೦ ವ್ಯಾಟಿನ ವರ್ಧಕಗಳನ್ನು ಮಾಡಿಕೊಟ್ಟಿತ್ತು. ಕಂಠಧ್ವನಿಗೆ ಕ್ರೀಡಾಂಗಣದ ಪ್ರಕಟಣೆಯ ಸ್ಪೀಕರುಗಳೂ ನೆರವಾಗಬೇಕಾಯಿತು. ಅಭಿಮಾನಿಗಳ ಕೂಗಿನಲ್ಲಿ ವಾದಕರಿಗೇ ತಮ್ಮ ವಾದನ ಕೇಳಿಸಲಿಲ್ಲ. ಆ ಯಂತ್ರಗಳನ್ನು ಇಂದು ಸಭೆಗೆ ತರಬೇಕೆಂದು ಯಾವ ಭಕ್ತನೂ ಬಯಸುವುದಿಲ್ಲ.

ಒಂಬತ್ತು ವರ್ಷಗಳ ಅನಂತರ, ೧೯೭೪ರಲ್ಲಿ, ಕ್ಯಾಲಿಫೋರ್ನಿಯದ ಗ್ರೇಟ್‌ಫುಲ್ ಡೆಡ್ ತಂಡ ‘ವಾಲ್ ಆಫ್ ಸೌಂಡ್’ ಎಂಬ ಸ್ಪೀಕರುಗಳ ಗೋಡೆಯನ್ನೇ ಕಟ್ಟಿತು. ಸುಮಾರು ೬೦೦ ಸ್ಪೀಕರುಗಳು, ೨೬,೦೦೦ ವ್ಯಾಟಿಗೆ ಮಿಕ್ಕ ಶಕ್ತಿ; ಒಂದೊಂದು ವಾದ್ಯಕ್ಕೂ ಪ್ರತ್ಯೇಕ ಸ್ಪೀಕರ್ ಸಾಲು. ಹೀಗೆ ಬೇರ್ಪಡಿಸಿದ್ದರಿಂದ ಒಂದು ವಾದ್ಯದ ಸ್ವರ ಇನ್ನೊಂದರೊಡನೆ ಸೇರಿ ಮೊತ್ತ ವ್ಯತ್ಯಾಸಗಳ ಕೆಸರೇಳುವ ಅವಕಾಶವೇ ಇರಲಿಲ್ಲ. ಗೋಡೆ ವಾದಕರ ಬೆನ್ನ ಹಿಂದೆಯೇ ಇದ್ದುದರಿಂದ ಸಭೆ ಕೇಳಿದ್ದನ್ನೇ ಅವರೂ ಕೇಳುತ್ತಿದ್ದರು. ಹಾಗಾದರೆ ಆ ಶಬ್ದ ಮೈಕಿನೊಳಕ್ಕೆ ಮರಳಿ ನುಗ್ಗಿ ಊಳಿಡಬೇಕಲ್ಲವೆ? ಇದಕ್ಕೆ ಅವರು ಹೂಡಿದ ಉಪಾಯ ನಮ್ಮ ವ್ಯತಿಕರಣ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಒಬ್ಬ ಗಾಯಕನಿಗೆ ಒಂದರ ಮೇಲೊಂದು ಎರಡು ಮೈಕು. ಒಂದರ ತಂತಿಗಳನ್ನು ಅದಲುಬದಲಾಗಿ ಜೋಡಿಸಲಾಗಿತ್ತು. ಹಿಂದಿನ ಗೋಡೆಯ ಶಬ್ದ ಎರಡನ್ನೂ ಸಮವಾಗಿ ತಲುಪಿ ಪರಸ್ಪರ ರದ್ದಾಗುತ್ತಿತ್ತು. ಒಂದಕ್ಕೆ ಮಾತ್ರ ತುಟಿ ತಾಕಿಸಿ ಹಾಡಿದ ಕಂಠ ಉಳಿಯುತ್ತಿತ್ತು. ಜಾಣತನವೇನೋ ಹೌದು. ಆದರೆ ಕಂಠ ತೆಳುವಾಗಿ ಕೇಳಿಸುತ್ತಿತ್ತು, ಗೋಡೆಯನ್ನು ಊರಿಂದೂರಿಗೆ ಸಾಗಿಸಲು ಲಾರಿಗಳ ದಂಡೇ ಬೇಕಾಗಿತ್ತು. ಆ ವರ್ಷ ಮುಗಿಯುವುದರೊಳಗೆ ಗೋಡೆಯೂ ಮುಗಿಯಿತು.

ಆ ಗೋಡೆಯ ಒಂದು ವಿವರ ನನ್ನ ವಾದಕ್ಕೆ ಸಾಕ್ಷಿ ನುಡಿಯುತ್ತದೆ. ಗೋಡೆಯನ್ನು ನಡೆಸುತ್ತಿದ್ದದ್ದು ಅಂದಿನ ಅತ್ಯಾಧುನಿಕವಾದ ಮ್ಯಾಕಿಂಟಾಷ್ ಟ್ರಾನ್ಸಿಸ್ಟರ್ ವರ್ಧಕಗಳು. ಆದರೆ ಗಿಟಾರ್ ವಾದಕ ಜೆರ್ರಿ ಗಾರ್ಸಿಯ ತಮ್ಮ ಗಿಟಾರನ್ನು ಮೊದಲು ಒಂದು ಫೆಂಡರ್ ವಾಲ್ವ್ ವರ್ಧಕದ ಮುಂಭಾಗದ ಮೂಲಕ ಹಾಯಿಸಿ ಅನಂತರವೇ ಗೋಡೆಗೆ ಕೊಡುತ್ತಿದ್ದರು. ಬಣ್ಣ ಕೊಡಲು ಹಳೆಯದು, ಮುಟ್ಟಿಸಲು ಹೊಸದು. ಆ ಗೋಡೆಯ ಬಳುವಳಿ ಇಂದಿನ ಸಭೆಗಳಲ್ಲಿ ಎತ್ತರಕ್ಕೆ ತೂಗುಬಿಟ್ಟ ಬಾಳೆಗೊನೆಯಂಥ ಸ್ಪೀಕರ್ ಸಾಲುಗಳಲ್ಲಿದೆ. ೧೯೯೦ರ ದಶಕದಲ್ಲಿ ಫ್ರಾನ್ಸಿನ ಕ್ರಿಸ್ಟಿಯನ್ ಹೈಲ್ ಅವರು ಇವುಗಳ ಗಣಿತವನ್ನು ಕ್ರಮಪಡಿಸಿದರು. ಒಂದು ಬಿಂದುವಿನಿಂದ ಹೊರಟ ಶಬ್ದ ದೂರ ಇಮ್ಮಡಿಸಿದಾಗ ೬ ಡೆಸಿಬೆಲ್ ಇಳಿದರೆ, ಉದ್ದ ಸಾಲಿನಿಂದ ಹೊರಟದ್ದು ಒಂದು ಮಿತಿಯವರೆಗೆ ೩ ಡೆಸಿಬೆಲ್ ಮಾತ್ರ ಇಳಿಯುತ್ತದೆ. ಮುಂದಿನ ಸಾಲಿನವರ ಕಿವಿ ಸೀಳದೆ ಹಿಂದಿನ ಸಾಲಿಗೆ ಕೇಳಿಸುವ ಈ ವ್ಯವಸ್ಥೆಗೆ ಪ್ರತಿಯಾಗಿ ಹಳೆಯ ಯಾವ ಪೆಟ್ಟಿಗೆಯನ್ನೂ ಒಡ್ಡುವಂತಿಲ್ಲ.

ಧ್ವನಿಮುದ್ರಣದಲ್ಲಿ ವಿವಾದ ಹೆಚ್ಚು ಬಿಸಿಯಾಗಿದೆ, ವಿಷಯ ಮಾತ್ರ ಸರಳ. ಬೀಟಲ್ಸರ ೧೯೬೭ರ ‘ಸಾರ್ಜೆಂಟ್ ಪೆಪ್ಪರ್’ ಮುದ್ರಿಕೆ ನಾಲ್ಕು ಪಥಗಳ ವಾಲ್ವ್ ಟೇಪ್ ಯಂತ್ರದಲ್ಲಿ ತಯಾರಾಯಿತು. ಪಥ ಸಾಲದಾದಾಗ ಒಂದು ಟೇಪಿನಿಂದ ಇನ್ನೊಂದಕ್ಕೆ ನಕಲು ತೆಗೆಯಬೇಕು. ಪ್ರತಿ ನಕಲಿಗೂ ಟೇಪಿನ ‘ಸುಸ್’ ಶಬ್ದ ಏರುತ್ತದೆ. ಒಂದು ಹಾಡಿಗೆ ದೊಡ್ಡ ವಾದ್ಯವೃಂದವನ್ನು ಸೇರಿಸಬೇಕಾಗಿ ಬಂದಾಗ ಕೆನ್ ಟೌನ್‌ಸೆಂಡ್ ಎಂಬ ಎಂಜಿನಿಯರು ಒಂದು ಟೇಪಿನ ಮೇಲೆ ೫೦ ಕಂಪನಾಂಕದ ಸ್ವರವನ್ನು ಬರೆದು, ಅದರಿಂದ ಎರಡನೆಯ ಯಂತ್ರದ ಮೋಟಾರನ್ನು ಓಡಿಸಿ, ಎರಡನ್ನೂ ಹೆಜ್ಜೆಗೂಡಿಸಿದರು. ಈ ಸಾಹಸಗಳನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಆ ಮುದ್ರಿಕೆಯ ಹಿರಿಮೆ ಮನುಷ್ಯರದು, ಟೇಪಿನದಲ್ಲ.

ಡಿಜಿಟಲ್ ಮುದ್ರಣದಲ್ಲಿ ಅಲೆ ‘ಮೆಟ್ಟಿಲು ಮೆಟ್ಟಿಲಾಗಿ’ ಒಡೆದುಹೋಗುತ್ತದೆಂಬ ದೂರೊಂದುಂಟು. ಇದು ತಪ್ಪು ಗ್ರಹಿಕೆ. ಅಲೆಯಲ್ಲಿರುವ ಅತ್ಯುಚ್ಚ ಕಂಪನಾಂಕದ ಇಮ್ಮಡಿಗಿಂತ ಹೆಚ್ಚು ಸಲ ಅದನ್ನು ಅಳೆದರೆ ನಡುವಣ ಭಾಗವೆಲ್ಲ ಒಂದೇ ಒಂದು ರೀತಿಯಲ್ಲಿ ನಿರ್ಧಾರವಾಗಿಬಿಡುತ್ತದೆ; ನೈಕ್ವಿಸ್ಟ್ ಮತ್ತು ಶಾನನ್ ಅವರ ಈ ಪ್ರಮೇಯದಲ್ಲಿ ಮೆಟ್ಟಿಲಿಗೆ ಎಡೆಯಿಲ್ಲ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳು, ಸುಮಾರು ೯೬ ಡೆಸಿಬೆಲ್ ವ್ಯಾಪ್ತಿ. ಮನುಷ್ಯನ ಕಿವಿಗೆ ೨೦,೦೦೦ ಕಂಪನಾಂಕದ ಆಚೆಗೆ ಕೇಳಿಸುವುದಿಲ್ಲವೆಂಬುದನ್ನು ನೆನೆದರೆ ಇಷ್ಟು ಸಾಕೆಂದು ತಿಳಿಯುತ್ತದೆ.

೨೦೨೨ರ ಬೇಸಗೆಯಲ್ಲಿ ಅಮೆರಿಕದಲ್ಲಿ ನಡೆದ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಮೊಬೈಲ್ ಫಿಡೆಲಿಟಿ ಎಂಬ ಕಂಪನಿ ಮೂಲ ಟೇಪುಗಳಿಂದ ತೆಗೆದ ದುಬಾರಿ ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದದ್ದು. ಡಿಜಿಟಲ್ಲಿನ ಸೋಂಕಿಲ್ಲದ ನಾದವೆಂದು ರಸಿಕರು ಅವನ್ನು ಕೊಂಡಾಡುತ್ತಿದ್ದರು. ೨೦೧೧ರಿಂದೀಚೆಗೆ ಅವುಗಳಲ್ಲಿ ಹಲವು ತಟ್ಟೆಗಳ ತಯಾರಿಕೆಯಲ್ಲಿ ನಡುವೆ ಡಿಜಿಟಲ್ ಹಂತವೊಂದಿತ್ತೆಂದು ಕಂಪನಿಯ ಎಂಜಿನಿಯರುಗಳೇ ಒಪ್ಪಿಕೊಂಡರು. ಹನ್ನೊಂದು ವರ್ಷ ಕೇಳಿದ ಚಿನ್ನದ ಕಿವಿಗಳಿಗೆ ಅದು ಗೊತ್ತಾಗಿರಲಿಲ್ಲ. ಕಂಪನಿ ಮರೆಮಾಚಿದ್ದು ತಪ್ಪೇ ಸರಿ. ಆದರೆ ಅದು ಅರಿಯದೆ ನಡೆಸಿಕೊಟ್ಟ ಪ್ರಯೋಗದ ಫಲಿತಾಂಶವೂ ಅಷ್ಟೇ ಸ್ಪಷ್ಟ.

ಹೊಸ ಮುದ್ರಿಕೆಗಳ ಬಗ್ಗೆ ನ್ಯಾಯವಾದ ದೂರು ಬೇರೆಯದೇ ಇದೆ. ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿಸಲೆಂದು ಮೆಲುದನಿ, ಬಿರುದನಿಗಳ ಅಂತರವನ್ನೆಲ್ಲ ಅರೆದು ಸಪಾಟು ಮಾಡುವ ಚಾಳಿ ೧೯೯೦ರ ದಶಕದಿಂದ ಬೆಳೆಯಿತು. ಮೆಟಾಲಿಕ ತಂಡದ ೨೦೦೮ರ ‘ಡೆತ್ ಮ್ಯಾಗ್ನೆಟಿಕ್’ ಮುದ್ರಿಕೆಗಿಂತ ಅದೇ ಹಾಡುಗಳು ಒಂದು ವಿಡಿಯೋ ಆಟದಲ್ಲಿ ಹೆಚ್ಚು ಉಸಿರಾಡುತ್ತಿದ್ದವೆಂದು ಕೇಳುಗರೇ ಕಂಡುಹಿಡಿದರು. ೯೬ ಡೆಸಿಬೆಲ್ ವಿಸ್ತಾರದ ಮನೆ ಕಟ್ಟಿಕೊಂಡು ಬಚ್ಚಲಲ್ಲಿ ವಾಸಮಾಡಿದಂತೆ ಇದು! ದೋಷ ಯಂತ್ರದ್ದಲ್ಲ.

ಇನ್ನು, ವಾಲ್ವಿನ ಬಾಗುವಿಕೆಯನ್ನು ಲೆಕ್ಕದಿಂದಲೇ ಅನುಕರಿಸುವ ಡಿಜಿಟಲ್ ಪೆಟ್ಟಿಗೆಗಳು. ೧೯೯೮ರ ‘ಪಾಡ್’ ಎಂಬುದರಲ್ಲಿ ಅನುಕರಣೆ ಒರಟಾಗಿತ್ತು. ಈಗಿನವುಗಳ ವಿಷಯದಲ್ಲಿ ಹಾಗೆನ್ನಲಾರೆ. ಲೆಕ್ಕ ಮಾಡಲು ಹಿಡಿಯುವ ಕಾಲದಿಂದ ತಾಳ ತಪ್ಪುತ್ತದೆಂಬ ಆಕ್ಷೇಪಣೆ ನಿಲ್ಲದು: ೩ ಮಿಲಿಸೆಕೆಂಡಿನ ತಡವೆಂದರೆ ಸ್ಪೀಕರಿನಿಂದ ಒಂದು ಮೀಟರ್ ಹಿಂದೆ ಸರಿದು ನಿಂತಷ್ಟೇ. ಆದರೂ ವಾಲ್ವ್ ವರ್ಧಕದ ಎದುರು ನಿಂತು ನುಡಿಸುವಾಗ ಸ್ಪೀಕರಿನ ಶಬ್ದವೇ ತಂತಿಯನ್ನು ಮತ್ತೆ ಅಲುಗಿಸಿ ಸ್ವರವನ್ನು ಹಿಡಿದು ನಿಲ್ಲಿಸುವ ಸುಖ, ಕಿವಿಯಲ್ಲಿ ಸಿಕ್ಕಿಸಿಕೊಂಡ ಗುಂಡಿಯಲ್ಲಿ ಕೇಳುವವನಿಗೆ ದೊರೆಯದು. ಹಣವಿದ್ದು, ಕೊಠಡಿಯಿದ್ದು, ಅಕ್ಕಪಕ್ಕದವರ ಸಹನೆಯಿದ್ದರೆ ಚಿಕ್ಕ ವಾಲ್ವ್ ವರ್ಧಕವನ್ನು ಕೊಳ್ಳಿರೆಂದೇ ನಾನು ಹೇಳುತ್ತೇನೆ,—ಹೊಸದಾಗಿ ತಯಾರಾದದ್ದನ್ನು. ವಾಲ್ವುಗಳು ಇಂದು ತಯಾರಾಗುವುದು ಬಹುಮಟ್ಟಿಗೆ ಸ್ಲೊವಾಕಿಯ, ರಷ್ಯ, ಚೀನಗಳಲ್ಲಿ. ೨೦೨೨ರ ಮಾರ್ಚಿಯಲ್ಲಿ ರಷ್ಯ ರಫ್ತನ್ನು ತಡೆದಾಗ ಗಿಟಾರ್ ಲೋಕವೇ ಗಾಬರಿಗೊಂಡಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಆ ಮುದ್ರೆಯ ವಾಲ್ವುಗಳನ್ನು ಈಗಲೂ ಹೊರದೇಶದವರು ಹುಡುಕಿ ಕೊಳ್ಳುತ್ತಾರೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರೋ!

ಹಳೆಯ ವರ್ಧಕವನ್ನು ಬಿಚ್ಚಿ ನೋಡುವ ಕುತೂಹಲವುಳ್ಳವರಿಗೆ ಒಂದು ಮಾತು. ಅದರೊಳಗೆ ೪೦೦ ವೋಲ್ಟಿಗೂ ಮಿಕ್ಕ ವೋಲ್ಟೇಜಿರುತ್ತದೆ. ಪ್ಲಗ್ಗು ಕಿತ್ತಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟಿರುತ್ತವೆ. ಅರವತ್ತು ವರ್ಷದ ಹಿಂದಿನ ಹಲವು ಯಂತ್ರಗಳಿಗೆ ಭೂಸಂಪರ್ಕದ ಮೂರನೆಯ ತಂತಿಯೇ ಇರಲಿಲ್ಲ. ೧೯೭೨ರ ಮೇ ೩ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. ಮೂರು ಪಿನ್ನಿನ ಪ್ಲಗ್ಗಿನ ಒಂದು ಪಿನ್ನನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವುದನ್ನು ನಾನು ಕಾಲೇಜಿನ ಉತ್ಸವವೊಂದರಲ್ಲಿ ಕಣ್ಣಾರೆ ಕಂಡಿದ್ದೇನೆ. ‘ಹಮ್’ ಶಬ್ದ ನಿಲ್ಲಲೆಂದು ಹಾಗೆ ಮಾಡುತ್ತಾರಂತೆ.

ಕೊಳ್ಳುವ ಮೊದಲು ಮಾಡಬಹುದಾದ ಪರೀಕ್ಷೆಯೊಂದನ್ನು ಹೇಳುತ್ತೇನೆ. ಒಂದೇ ವಾದನವನ್ನು ಹಳೆಯ ಯಂತ್ರದಲ್ಲೂ ಹೊಸತರಲ್ಲೂ ಮುದ್ರಿಸಿಕೊಳ್ಳಿ. ವೋಲ್ಟ್‌ಮೀಟರಿನಿಂದ ಎರಡರ ಗಟ್ಟಿತನವನ್ನೂ ಅತಿ ಸೂಕ್ಷ್ಮವಾಗಿ ಸರಿತೂಗಿಸಬೇಕು. ಏಕೆಂದರೆ ತುಸುವೇ ಗಟ್ಟಿಯಾದದ್ದು ನಮಗೆ ಅರಿವಿಲ್ಲದೆಯೇ ಉತ್ತಮವೆನಿಸುತ್ತದೆ. ಗೆಳೆಯನೊಬ್ಬ ನಾಣ್ಯ ಚಿಮ್ಮಿ, ನಿಮಗೆ ಹೇಳದೆ, ಒಂದನ್ನೋ ಇನ್ನೊಂದನ್ನೋ ನುಡಿಸಲಿ. ಇದು ಯಾವುದೆಂದು ನೀವು ಬರೆಯುತ್ತ ಹೋಗಿ, ಹದಿನಾರು ಸಲ. ಬರಿಯ ಊಹೆಯಿಂದ ಹನ್ನೆರಡು ಅಥವಾ ಹೆಚ್ಚು ಉತ್ತರ ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಮೆ. ನಿಮಗೆ ಹನ್ನೆರಡು ಬಂದರೆ ಹಳೆಯ ಯಂತ್ರದ ಒಡೆಯನೊಡನೆ ಚೌಕಾಸಿಗೆ ಹೋಗಬಹುದು. ಎಂಟೋ ಒಂಬತ್ತೋ ಬಂದರೆ ಆ ಹಣದಲ್ಲಿ ಒಳ್ಳೆಯ ಗಿಟಾರು ಬರುತ್ತದೆ, ಒಂದು ವರ್ಷದ ಪಾಠದ ಶುಲ್ಕವೂ ಮಿಗುತ್ತದೆ.